ತೌಡಿಗೆ ಕೊಂಡ ತಮ್ಮ

ನಮ್ಮವ್ವ ಪಕ್ಕದ ಮನೆಯ ಗಂಡುಕೂಸನ್ನು ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡಾಗ ನನಗೆ ಮೂರೂವರೆ ವರ್ಷ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ಐದು ಮಕ್ಕಳಲ್ಲಿ ನಾನೇ ಕೊನೆಯವಳು. ನನಗಿಂತ ಮುಂಚಿನ ನಾಲ್ವರೂ ಒಬ್ಬೊಬ್ಬರಾಗಿ ಅವ್ವನ ಮಡಿಲನ್ನು ಬಿಟ್ಟುಕೊಟ್ಟು ಎದ್ದುಹೋಗಿದ್ದರು. ನನ್ನನ್ನು ಎಬ್ಬಿಸುವವರು ಇನ್ನು ಯಾರೂ ಹುಟ್ಟುವುದಿಲ್ಲ ಎಂದು ಅಜ್ಜಿಯೇ ಹೇಳಿದ್ದಳು. ಆ ಧೈರ್ಯದ ಮೇಲೆ ನಾನು ಅಲ್ಲಿ ಕೂತಿದ್ದೆ.

ಪಕ್ಕದ ಮನೆಯ ಹೆಂಗಸನ್ನು ನಾನು ಚಿಕ್ಕವ್ವ ಎನ್ನುತ್ತಿದ್ದೆ. ನಂಟೇನೂ ಇಲ್ಲ, ಎರಡು ಮನೆಗೂ ನಡುವೆ ಒಂದೇ ಗೋಡೆ, ಅಷ್ಟೆ. ಆಕೆಗೆ ಮೊದಲು ಹುಟ್ಟಿದ ಎರಡು ಮಕ್ಕಳೂ ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಮೂರನೆಯದು ಹುಟ್ಟಿದಾಗ ಊರಿನ ಹಿರಿಯ ಹೆಂಗಸರು ಸೇರಿ, ಇದನ್ನು ಮಾರಿಬಿಡು ಎಂದರು. ನಮ್ಮ ಕಡೆ ಅದೊಂದು ಪದ್ಧತಿ. ಹೆತ್ತದ್ದು ಉಳಿಯದವಳ ಕೂಸನ್ನು, ಹೆತ್ತದ್ದೆಲ್ಲ ಉಳಿದ ಹೆಂಗಸೊಬ್ಬಳು ತೌಡು ಕೊಟ್ಟು ಕೊಳ್ಳಬೇಕು. ಹುಡುಕಿಕೊಂಡು ಬರುವ ಸಾವು, ಈ ಕೂಸು ಇವಳದಲ್ಲ ಎಂದು ತಿಳಿದು ಹೊರಟುಹೋಗುತ್ತದೆ. ಹಾಲು ಕುಡಿಸುವುದು, ರಾತ್ರಿ ಮಲಗಿಸುವುದು ಹೆತ್ತವಳದೇ ಕೆಲಸ. ಆದರೆ ಅವಳು ಅದನ್ನು ನನ್ನ ಮಗ ಎನ್ನಬಾರದು, ಅದು ಅವಳನ್ನು ಅವ್ವ ಎನ್ನಬಾರದು, ಅದರ ಮೈಮೇಲಿನ ಬಟ್ಟೆ ಕೊಂಡವಳ ಮನೆಯದೇ ಆಗಿರಬೇಕು. ಐದು ವರ್ಷ ತುಂಬಿದ ಮೇಲೆ ತೌಡನ್ನು ವಾಪಸು ಕೊಟ್ಟು ಬಿಡಿಸಿಕೊಳ್ಳಬಹುದು.

ಐದು ವರ್ಷ ಎಂದರೆ ನಾನು ಹುಟ್ಟಿದಂದಿನಿಂದ ಆದ ಕಾಲಕ್ಕಿಂತಲೂ ಹೆಚ್ಚು. ಅಷ್ಟು ದಿನ ಕಾಯುವ ತಾಳ್ಮೆ ನನಗೆ ಇಲ್ಲ, ಆಗಲೂ ಇರಲಿಲ್ಲ.

ಹುಡುಗ ಹಾಲು ಬಿಟ್ಟ ಮೇಲಂತೂ ಬೆಳಗಾದರೆ ನಮ್ಮ ಮನೆಯಲ್ಲೇ. ಹೊಸಿಲ ಮೇಲೆ ನಿಂತು "ಅವ್ವಾ" ಅಂತ ರಾಗ ಎಳೆಯುತ್ತಿದ್ದ. ನಮ್ಮವ್ವ ಮುದ್ದೆ ತೊಳಸುವ ಕೋಲನ್ನು ಅಲ್ಲೇ ಬಿಟ್ಟು ಓಡಿ ಎತ್ತಿಕೊಳ್ಳುತ್ತಿದ್ದಳು. ನಾನು ಅವ್ವಾ ಎಂದರೆ "ಏನೇ ಅದು, ಅಲ್ಲಿಂದ್ಲೇ ಹೇಳು" ಎಂಬ ಉತ್ತರ. ಮಜ್ಜಿಗೆ ಕಡೆದರೆ ಮೊದಲ ಬೆಣ್ಣೆ ಅವನ ಬಾಯಿಗೆ. ಅದುವರೆಗೆ ಅದು ನನ್ನ ಬಾಯಿಗೆ ಬರುತ್ತಿತ್ತು. ಹೆತ್ತ ತಾಯಿಯನ್ನು ಅವನೂ ನನ್ನ ಹಾಗೆಯೇ ಚಿಕ್ಕವ್ವ ಎನ್ನುತ್ತಿದ್ದ. ಹೊಟ್ಟೆಕಿಚ್ಚು ಎಂಬ ಮಾತು ನನಗಿನ್ನೂ ಗೊತ್ತಿರಲಿಲ್ಲ. ಹೊಟ್ಟೆ ಉರಿಯುತ್ತದೆ ಎಂದು ಅಜ್ಜಿಗೆ ಹೇಳಿದರೆ ಅವಳು ಜೀರಿಗೆ ನೀರು ಕುಡಿಸಿದಳು.

ಒಂದು ದಿನ ಅವನು ಮೂಗಿನ ಹೊಳ್ಳೆಗೆ ಹುರಿಗಡಲೆ ತೂರಿಸಿಕೊಂಡ. ಅವ್ವ ಅವನನ್ನು ಹೆಗಲ ಮೇಲೆ ಹಾಕಿಕೊಂಡು, ಸೆರಗು ಜಾರಿದ್ದೂ ತಿಳಿಯದೆ, ಮತ್ತಿಗಿರಿಯ ದಾರಿ ಹಿಡಿದು ಡಾಕ್ಟರನ್ನು ಹುಡುಕಿಕೊಂಡು ಓಡಿದಳು. ಅಜ್ಜಿ ಹಿಂದಿನಿಂದ ಕೂಗಿ ಕರೆದು, ತನ್ನ ನಶ್ಯದ ಡಬ್ಬಿ ತೆಗೆದು ಅವನ ಮೂಗಿಗೆ ಒಂದು ಚಿಟಿಕೆ ಮುಟ್ಟಿಸಿದಳು. ಹುಡುಗ ಸೀನಿದ, ಕಡಲೆ ಹಾರಿ ಬಿತ್ತು, ಅವ್ವ ಅವನನ್ನು ಅಪ್ಪಿಕೊಂಡು ಅತ್ತಳು. ಮಾರನೆಯ ದಿನ ನಾನೂ ಒಂದು ಕಡಲೆ ತೂರಿಸಿಕೊಂಡೆ. ಅಜ್ಜಿ ಅವ್ವನನ್ನು ಕರೆಯಲೂ ಇಲ್ಲ. ನಶ್ಯ ಹಾಕಿ ಸೀನಿಸಿ, ಬೆನ್ನಿಗೊಂದು ಗುದ್ದು ಕೊಟ್ಟು, ಬಿದ್ದ ಕಡಲೆಯನ್ನು ಕೋಳಿಗೆ ಎಸೆದಳು.

ನಾನು ಅವನನ್ನು ಚಿವುಟುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಅವನು ಒಂದು ಗಳಿಗೆ ಅತ್ತು ಮತ್ತೆ ನನ್ನ ಹಿಂದೆಯೇ ಬರುತ್ತಿದ್ದ. ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ಯುದ್ಧದ ಕಾಲ ಅದು. ಬಟ್ಟೆಗೂ ರೇಷನ್ ಕಾರ್ಡು ಬಂದಿತ್ತು. ಅಪ್ಪ ಹೊಸೂರಿನಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತು, ಹಸಿರಿನ ಮೇಲೆ ಹಳದಿ ಹೂವಿರುವ ಒಂದು ತುಂಡು ಚೀಟಿ ಬಟ್ಟೆ ತಂದ. "ಇದು ನಿನ್ ಲಂಗಕ್ಕೆ ಕಣಮ್ಮಿ, ಯುಗಾದಿಗೆ ಉಟ್ಕಳುವಂತೆ" ಎಂದ. ನನಗೆ ಅಂತಲೇ ಬಂದ ಮೊದಲ ಬಟ್ಟೆ ಅದು. ಅಲ್ಲಿಯವರೆಗೆ ಅಕ್ಕಂದಿರು ಉಟ್ಟು ಬಿಟ್ಟದ್ದೇ ನನಗೆ. ಎರಡು ದಿನ ಅದನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗಿದೆ.

ಮೂರನೆಯ ದಿನ ಅವ್ವ ಅದನ್ನು ನನ್ನಿಂದ ತೆಗೆದುಕೊಂಡು ಕತ್ತರಿ ಹಾಕಿದಳು. ಹುಡುಗನ ಅಂಗಿ ಹರಿದುಹೋಗಿತ್ತು. ಹಬ್ಬಕ್ಕೆ ಅವನ ಮೈಮೇಲೆ ನಮ್ಮ ಮನೆಯ ಹೊಸ ಬಟ್ಟೆ ಬೀಳಲೇಬೇಕು, ಕಾರ್ಡಿನಲ್ಲಿ ಇನ್ನು ಬಟ್ಟೆ ಸಿಗುವುದಿಲ್ಲ. "ನಿಂಗೆ ಬರೋ ವರ್ಸ ತತ್ತೀವಿ ಕಣೇ. ನೀನು ದೊಡ್ಡೋಳಲ್ವಾ" ಎಂದಳು. ನನಗೆ ಆಗ ಆರು ವರ್ಷ, ಅವನಿಗೆ ಎರಡೂವರೆ. ಅಂಗಿ ಹೊಲಿದು ಅವನಿಗೆ ತೊಡಿಸಿ ಅಳತೆ ನೋಡಿದಾಗ ಅವನು ಹಳದಿ ಹೂವನ್ನು ಬೆರಳಿನಿಂದ ಕೀಳಲು ನೋಡುತ್ತಿದ್ದ. ನಾನು ಅಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿದರೆ ಅಳು ಬರುವುದಿಲ್ಲ.

ಹಬ್ಬಕ್ಕೆ ಇನ್ನು ಒಂದು ವಾರ. ಮನೆಯವರೆಲ್ಲ ಸಾನಮಾವು ಕಾಡಿನ ಕಡೆಯ ಹೊಲಕ್ಕೆ ಹುಣಸೆಹಣ್ಣು ಬಡಿಯಲು ಹೋಗಿದ್ದರು. ಆ ಹಸಿರು ಅಂಗಿಯನ್ನೇ ತೊಟ್ಟಿದ್ದ ಹುಡುಗನನ್ನು ನನ್ನ ಕೈಗೆ ಒಪ್ಪಿಸಿದ್ದರು. ಹಿಂದೊಮ್ಮೆ ಅಪ್ಪ ತೂತಿದ್ದ ಚೊಂಬೊಂದನ್ನು ಅಂಗಡಿಗೆ ವಾಪಸು ಕೊಟ್ಟು ಬಂದದ್ದು ನನಗೆ ನೆನಪಿತ್ತು. ಕೊಂಡದ್ದು ಬೇಡವಾದರೆ ಹಿಂದಿರುಗಿಸಬಹುದು. ಬರಿ ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹುಡುಗನ ಕೈ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ. ಚಿಕ್ಕವ್ವ ರಾಗಿ ಬೀಸುತ್ತಿದ್ದಳು.

"ಚಿಕ್ಕವ್ವ, ನಿಮ್ ಹುಡುಗನ್ನ ತಗಳಿ. ನಮ್ ತೌಡು ಕೊಟ್ಬುಡಿ" ಎಂದೆ.

ಆಕೆ ನಕ್ಕಳು. "ಯಾರಮ್ಮಿ ಕಳ್ಸಿದ್ದು?"

"ಅವ್ವ. ನಮ್ಗೆ ಸಾಕಂತೆ."

ಬೀಸುವ ಕಲ್ಲು ನಿಂತಿತು. ಆಕೆ ನನ್ನ ಮುಖವನ್ನೇ ನೋಡಿದಳು. "ನಿಜ್ವಾ?" ಎಂದಳು. ನಾನು ತಲೆ ಆಡಿಸಿದೆ. ಎರಡನೇ ಸಲ ಆಕೆ ಕೇಳಲಿಲ್ಲ. ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಈಗ ಯೋಚಿಸಿದರೆ, ಎರಡನೇ ಸಲ ಕೇಳುವುದು ಆಕೆಗೇ ಬೇಕಾಗಿರಲಿಲ್ಲ. ಎದ್ದು ಒಳಗೆ ಹೋಗಿ ಮೊರ ತುಂಬಿ ಚೆಲ್ಲುವಷ್ಟು ತೌಡು ತಂದುಕೊಟ್ಟಳು. ಆಮೇಲೆ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಯಾರ ಮಗನ್ಲಾ ನೀನು?" ಎಂದಳು.

ಅವನು ನಮ್ಮ ಮನೆಯ ಕಡೆ ಕೈ ತೋರಿಸಿದ.

ಆಕೆ ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಅಲ್ಲ ಕಣ್ಲಾ. ನಾನು ನಿಮ್ಮವ್ವ. ಅನ್ನು, ಅವ್ವ ಅನ್ನು."

ನಾನು ಅದನ್ನು ನೋಡುತ್ತ ನಿಲ್ಲಲಿಲ್ಲ. ನನ್ನ ಕೆಲಸ ಮುಗಿದಿತ್ತು. ತೌಡನ್ನು ತಂದು ಹಸುವಿನ ಬಾನಿಗೆ ಸುರಿದು, ಅದು ಕೊನೆಯ ತನಕ ನೆಕ್ಕುವುದನ್ನು ನೋಡಿ ಸಂತೋಷಪಟ್ಟೆ.

ಸಂಜೆ ಅವ್ವ ಬಂದವಳೇ ಹುಡುಗನನ್ನು ಕೂಗಿದಳು. "ಕೊಟ್ಬುಟ್ಟೆ. ತೌಡು ಹಸ ತಿಂದ್ಬುಡ್ತು" ಎಂದೆ. ಅಜ್ಜಿ ಹುಣಸೆ ಬರಲಿನಿಂದ ನನ್ನ ಕಾಲಿಗೆ ಎರಡು ಬಿಗಿದಳು. ಅವ್ವ ಹೊಡೆಯಲಿಲ್ಲ. ಹುಣಸೆಯ ಧೂಳು ಮೆತ್ತಿದ ಮುಖದಲ್ಲೇ ಪಕ್ಕದ ಮನೆಗೆ ಹೋದಳು, ನಾನೂ ಹಿಂದೆ ಹೋದೆ. ಯಾವಾಗಲೂ ಬಾಗಿಲಿಂದ ಸರಿದು ಒಳಗೆ ಕರೆಯುವ ಚಿಕ್ಕವ್ವ ಅವತ್ತು ಬಾಗಿಲಿಗೆ ಅಡ್ಡ ನಿಂತಿದ್ದಳು.

"ನೀನೇ ಕಳ್ಸಿದ್ಯಂತಲ್ಲಕ್ಕಾ" ಎಂದಳು.

"ಆರು ವರ್ಸದ ಹೆಣ್ಣು ಹೇಳಿದ್ರೆ ಕೇಳ್ಬುಡೋದಾ? ಐದು ತುಂಬೋ ಗಂಟ ತಡ್ಕಾ ಅಂತ ಹೇಳಿರ್ಲಿಲ್ವಾ? ಅದ್ಕೆ ಏನಾದ್ರೂ ಆದ್ರೆ?"

"ದಿನಾ ನಿನ್ನ ಅವ್ವ ಅನ್ನೋದ ಕೇಳ್ಕಂಡೇ ಬಿದ್ದಿದ್ದೆ. ಇವತ್ತು ನನ್ನ ಅಂದ ಕಣಕ್ಕಾ."

ಅವ್ವ ಮನೆಗೆ ಬಂದಳು. ಬೆಳಿಗ್ಗೆ ಎದ್ದು ನೋಡಿದರೆ ಹಸಿರು ಅಂಗಿ ಒಗೆದು ನಮ್ಮ ಜಗಲಿಯ ಮೇಲೆ ಮಡಿಸಿ ಇಟ್ಟಿತ್ತು. ಹುಡುಗ ಇನ್ನು ನಮ್ಮ ಮನೆಯ ಬಟ್ಟೆ ಹಾಕುವ ಹಾಗಿರಲಿಲ್ಲ. ಅದನ್ನು ಬಿಚ್ಚಿ ತುಂಡು ಸೇರಿಸಿದರೆ ನನಗೊಂದು ಲಂಗ ಆಗಬಹುದು ಎಂದು ಲೆಕ್ಕ ಹಾಕಿದೆ. ಅವ್ವ ಅದನ್ನು ಪೆಟ್ಟಿಗೆಯ ಅಡಿಗೆ ಹಾಕಿ ಮುಚ್ಚಿದಳು. ಎರಡು ದಿನ ನನಗೆ ಮಡಿಲು ಸಿಕ್ಕಿತು, ಬೆಣ್ಣೆಯೂ ಸಿಕ್ಕಿತು. ಆದರೆ ಅವ್ವನ ಕೈ ನನ್ನ ತಲೆಯ ಮೇಲಿದ್ದರೂ ಕಿವಿ ಗೋಡೆಯ ಆಚೆಗೇ ಇತ್ತು. ಅಲ್ಲಿ ಹುಡುಗ ನಕ್ಕರೆ ಅವಳ ಕೈ ನಿಲ್ಲುತ್ತಿತ್ತು. ತಾನು ಇಲ್ಲದಿದ್ದಾಗಲೂ ಅವ್ವನನ್ನು ಅವನೇ ಹಿಡಿದಿಟ್ಟಿದ್ದಾನಲ್ಲ ಎಂದು ನನಗೆ ಮೊದಲಿಗಿಂತ ಹೆಚ್ಚು ಉರಿಯಿತು.

ಮೂರನೆಯ ದಿನ ಹುಡುಗನಿಗೆ ಜ್ವರ ಬಂತು. ಮೈ ಕೆಂಡ, ಕುಡಿದದ್ದೆಲ್ಲ ವಾಂತಿ. ಎರಡು ದಿನ ಚಿಕ್ಕವ್ವ ಅವನಿಗೆ ಬೆಲ್ಲ, ಕಡಲೆಕಾಯಿ, ಎಳ್ಳುಂಡೆ ಎಂದು ಬಿಡುವಿಲ್ಲದೆ ತಿನ್ನಿಸಿದ್ದಳು, ಅದರ ಅಜೀರ್ಣವಿರಬೇಕು ಎಂದು ನಾನು ಈಗ ಹೇಳಬಲ್ಲೆ. ಅವತ್ತು ಎಲ್ಲರಿಗೂ ಗೊತ್ತಿದ್ದ ಕಾರಣ ಒಂದೇ, ಅದು ನಾನು. ನೀರಿಗೆ ಬಂದ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಅವನು ಸತ್ತರೆ ಕೊಂದವಳು ನಾನೇ ಎಂದು ನನಗೆ ಹೆದರಿಕೆ ಹತ್ತಿತು. ಆ ಹೆದರಿಕೆಯಲ್ಲೂ, ಇಡೀ ಊರು ಅವನೊಬ್ಬನನ್ನೇ ವಿಚಾರಿಸುತ್ತಿದೆಯಲ್ಲ ಎಂಬ ಸಂಕಟ ಬಿಡಲಿಲ್ಲ. ನಾಚಿಕೆಯ ಮಾತು, ಆದರೂ ಬರೆಯುತ್ತಿದ್ದೇನೆ.

ಮಧ್ಯಾಹ್ನ ಚಿಕ್ಕವ್ವ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ನಮ್ಮ ಹೊಸಿಲ ಒಳಗೆ ಮಲಗಿಸಿ, ತಾನು ಹೊರಗೆ ನಿಂತಳು. "ತಗಳಕ್ಕಾ. ನಿನ್ ಮಗನೇ. ನಾನು ಯಾರೂ ಅಲ್ಲ" ಎಂದಳು.

ಮತ್ತೆ ಕೊಳ್ಳಬೇಕೆಂದರೆ ತೌಡು ಬೇಕು. ಮನೆಯಲ್ಲಿ ಒಂದು ಹಿಡಿಯೂ ಇರಲಿಲ್ಲ. ಅಜ್ಜಿಯೂ ಅಕ್ಕಂದಿರೂ ಭತ್ತ ಸುರಿದು ಕುಟ್ಟಲು ನಿಂತರು. ಒಂದು ಮೊರ ತೌಡು ಬರಲು ಎಷ್ಟು ಭತ್ತ ಕುಟ್ಟಬೇಕು ಎಂಬುದು ನನಗೆ ಅವತ್ತು ತಿಳಿಯಿತು. ಅಷ್ಟು ಹೊತ್ತೂ ಚಿಕ್ಕವ್ವ ಹೊಸಿಲ ಆಚೆ ನಿಂತಿದ್ದಳು. ಹುಡುಗ ಅವ್ವನ ಮಡಿಲಿನಿಂದ ಆಕೆಯ ಕಡೆಗೆ ಎರಡೂ ಕೈ ಚಾಚಿ "ಅವ್ವಾ, ಅವ್ವಾ" ಎಂದು ಅಳುತ್ತಿದ್ದ. ಎರಡೇ ದಿನದಲ್ಲಿ ಕಲಿತುಬಿಟ್ಟಿದ್ದ. ಆಕೆ ಮುಖವನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು, "ನಾನಲ್ಲ ಕಣ್ಲಾ, ಅಲ್ಲವ್ಳೆ ನಿಮ್ಮವ್ವ" ಎಂದಳು. ಕೊನೆಗೆ ಅವ್ವ ತೌಡನ್ನು ಆಕೆಯ ಸೆರಗಿಗೆ ಸುರಿದಳು, ಪೆಟ್ಟಿಗೆಯಿಂದ ಅಂಗಿ ತೆಗೆದು ಹುಡುಗನಿಗೆ ತೊಡಿಸಿದಳು. ಮಾರನೆಯ ದಿನ ಜ್ವರ ಇಳಿಯಿತು.

ಯುಗಾದಿಯ ದಿನ ಅವನಿಗೆ ನಮ್ಮ ಅಂಗಳದಲ್ಲೇ ಎಣ್ಣೆ ಸ್ನಾನ ಆಯಿತು. ಹಸಿರು ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಅವ್ವನ ಮಡಿಲಲ್ಲಿ ಕೂತು ಒಬ್ಬಟ್ಟು ತಿನ್ನುತ್ತಿದ್ದ. ಅವ್ವ ಮುರಿದು ಮುರಿದು ಅವನ ಬಾಯಿಗೆ ಇಡುತ್ತಿದ್ದಳು. ನಾನು ಅಕ್ಕನ ಹಳೆಯ ಲಂಗ ಉಟ್ಟು, ಒದ್ದೆ ತಲೆ ಹರಡಿಕೊಂಡು, ಬಾಚಣಿಗೆ, ಟೇಪು ಹಿಡಿದು ಅವ್ವನ ಎದುರಿಗೆ ಎಷ್ಟೋ ಹೊತ್ತು ನಿಂತೆ. "ಇರು, ಇವಂದು ಆಗ್ಲಿ" ಎಂದಳು. ನಾನು ಮುಖ ಊದಿಸಿಕೊಂಡು ಹೋಗಿ ಪಕ್ಕದ ಮನೆಯ ಜಗಲಿಯ ಮೇಲೆ ಕೂತೆ.

ಚಿಕ್ಕವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ನಾನು ನೋಡುತ್ತಿದ್ದುದನ್ನೇ ಆಕೆಯೂ ನೋಡುತ್ತಿದ್ದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಮೆಲ್ಲಗೆ ಕೇಳಿದಳು, "ನಿಂಗೂ ಉರೀತದಾ?"

"ಹೂಂ" ಎಂದೆ.

"ನಂಗೂ" ಎಂದಳು.

ಆಮೇಲೆ ಕೈ ಚಾಚಿ ನನ್ನನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಎಷ್ಟೋ ದಿನದಿಂದ ಯಾರನ್ನೂ ಮಡಿಲಿಗೆ ಹಾಕಿಕೊಳ್ಳದವಳ ಹಾಗೆ ಬಿಗಿಯಾಗಿ ಹಿಡಿದಳು. ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು, ಒಂದೊಂದೇ ಸಿಕ್ಕನ್ನು ಬೆರಳಿನಿಂದ ಬಿಡಿಸತೊಡಗಿದಳು. ಅವ್ವನ ಹಾಗೆ ಎಳೆಯಲಿಲ್ಲ. ನಾನು ಹಿಂದಕ್ಕೆ ಒರಗಿದೆ.

ಆಚೆ ಜಗಲಿಯಲ್ಲಿ ಒಬ್ಬಟ್ಟಿನ ತುಂಡು ಹಿಡಿದ ಅವ್ವನ ಕೈ ಹುಡುಗನ ಬಾಯಿಯವರೆಗೆ ಬಂದು ನಿಂತುಬಿಟ್ಟಿತ್ತು. ಅವಳು ನಮ್ಮನ್ನೇ ನೋಡುತ್ತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಎರಡೂವರೆ ವರ್ಷದಿಂದ ನಾನು ಹಾಕಿಕೊಂಡು ತಿರುಗಿದ್ದು ಅದೇ ಮುಖ.

"ಇಳ್ಸೇ ಅವಳ್ನ" ಎಂದಳು ಚಿಕ್ಕವ್ವನಿಗೆ. "ಆರು ವರ್ಸದ ಕೋಣ, ಮಡ್ಲಲ್ಲಿ ಕೂರೋ ವಯಸ್ಸಾ ಅದು?" ಚಿಕ್ಕವ್ವನ ಬೆರಳು ನನ್ನ ಕೂದಲಲ್ಲಿ ನಿಂತಿತು. ಅವ್ವ ಹುಡುಗನನ್ನು ಪಕ್ಕಕ್ಕೆ ಕೂರಿಸಿ ನನ್ನ ಕಡೆ ಕೈ ನೀಡಿದಳು. "ಬಾರೇ ಇಲ್ಲಿ. ತಲೆ ನಾನು ಬಾಚ್ತೀನಿ."

ನನಗೆ ಕೇಳಿಸಿತು. ಎರಡೂವರೆ ವರ್ಷ ನಾನು ಕಾದಿದ್ದು ಆ ಮಾತಿಗೇ.

"ಆಮ್ಯಾಕ್ ಬತ್ತೀನಿ" ಎಂದು ಹೇಳಿ, ಜಡೆಯ ಟೇಪನ್ನು ಚಿಕ್ಕವ್ವನ ಕೈಗೆ ಕೊಟ್ಟೆ.