ಹತ್ತು ನಿಮಿಷದ ತಟ್ಟೆ, ನಲವತ್ತು ನಿಮಿಷದ ದೊಡ್ಡಮ್ಮ

“ಆಡು ಇಡಿಯಾಕೆ ಬಂದಿದ್ದೀವಪ್ಪಾ” ಎಂದಳು ನನ್ನ ದೊಡ್ಡಮ್ಮ, ಕೆಜಿಎಫ್‌ನ ಸೆಲ್ವರಾಜ್ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ.

ಸೆಲ್ವರಾಜ್ ಗಾಬರಿಯಾಗಿ ಅವಳ ಬೆನ್ನ ಹಿಂದೆ ಬೀದಿಯತ್ತ ಇಣುಕಿದರು. “ಆಡಾ? ಎಲ್ಲಿ ಮಾ ಆಡು?”

ತಪ್ಪು ಅವರದಲ್ಲ. ದೊಡ್ಡಮ್ಮ ಬೂದಿಕೋಟೆಯವಳು. ಆ ಕಡೆಯ ಮಾತಿನಲ್ಲಿ ‘ಹ’ ಅಕ್ಷರಕ್ಕೆ ಬಸ್ ಸ್ಟಾಪೇ ಇಲ್ಲ. ಹಾಡು ಆಡಾಗುತ್ತದೆ, ಹಿಡಿಯುವುದು ಇಡಿಯುವುದಾಗುತ್ತದೆ. ಸೆಲ್ವರಾಜ್ ಮನೆಮಾತು ತಮಿಳು. ಅಲ್ಲೂ ಆಡು ಎಂದರೆ ಮೇಯುವ ಆಡೇ. (ಎರಡು ಭಾಷೆಗಳು ಇಷ್ಟು ಸಲೀಸಾಗಿ ಒಪ್ಪಿಕೊಂಡ ಬೇರೆ ವಿಷಯ ನನಗೆ ಗೊತ್ತಿಲ್ಲ.)

ನಾವು ಹೋಗಿದ್ದು ಹಾಡು ಹಿಡಿಸಲು. ಗ್ರಾಮಫೋನ್ ತಟ್ಟೆಯಲ್ಲಿ. ಹೌದು, ಈ ಕಾಲದಲ್ಲೇ.

ದೊಡ್ಡಮ್ಮನ ಹೆಸರು ಮುನಿವೆಂಕಟಮ್ಮ. ಬೆಳಗಾದರೆ ಡೇರಿಗೆ ಹಾಲು ಹಾಕುತ್ತಾಳೆ, ಮದುವೆಯಾದರೆ ಸೋಬಾನೆ ಹೇಳುತ್ತಾಳೆ. ನಮ್ಮ ಮನೆತನದಲ್ಲಿ ಅವಳ ಹಾಡಿಲ್ಲದೆ ಯಾರ ಮದುವೆಯೂ ಆಗಿಲ್ಲ. ಹೋದ ತಿಂಗಳು ಅವಳ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಷನ್ ಮಾಡಲೇಬೇಕು ಎಂದರು ಕೋಲಾರದ ಡಾಕ್ಟರು. “ಮಾತಿಗೆ ತೊಂದರೆ ಆಗಲ್ಲ. ಆದರೆ ಹಾಡೋ ದನಿ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ.”

ದೊಡ್ಡಮ್ಮ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ಕೇಳಿದ್ದು ಒಂದೇ. “ಅಸೂನ ಕೂಗಾಕಾದ್ರೂ ದನಿ ಇರ್ತದೇನೇ?”

ಗಾಬರಿಯಾದದ್ದು ನನಗೆ. ತಮ್ಮನ ಮದುವೆಯಲ್ಲಿ ಅವಳು ಹಾಡಿದ್ದನ್ನು ಫೋನಿನಲ್ಲಿ ತುಂಬಿಕೊಂಡಿದ್ದೆ. ಬಂಗಾರಪೇಟೆಯ ನಮ್ಮ ಮನೆಗೆ ಬಂದು ಹುಡುಕಿದರೆ ಇಲ್ಲ! ಯಾವಾಗಲೋ ಸ್ಟೋರೇಜ್ ಫುಲ್ ಆದಾಗ ನಾನೇ ಅಳಿಸಿದ್ದೆ. ಉಳಿಸಿಕೊಂಡದ್ದೇನು? ಗುಡ್ ಮಾರ್ನಿಂಗ್ ಹೇಳುವ ಗುಲಾಬಿ ಹೂಗಳನ್ನು.

ಆಗ ನೆನಪಾದವರು ಸೆಲ್ವರಾಜ್. ಅವರ ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಟರ್ನರ್. ಸೆಲ್ವರಾಜ್ ಕೂಡ ಲೇತ್ ಮೇಲೆ ಬೋಲ್ಟು, ಶಾಫ್ಟು ತಿರುವಿಯೇ ತಲೆ ನರೆಸಿಕೊಂಡವರು. ಈಗ ಅದೇ ಕೈಯಿಂದ ಜೋಡಿಸಿಕೊಂಡ ಇನ್ನೊಂದು ಲೇತ್ ಇದೆ. ಅದು ಹಾಡು ಕೆತ್ತುತ್ತದೆ. ಒಂದು ಸಲಕ್ಕೆ ಒಂದೇ ತಟ್ಟೆ. ಗಿರಾಕಿಗಳು ಹೆಚ್ಚಾಗಿ ಬೆಂಗಳೂರಿನ ಹೊಸ ಜೋಡಿಗಳು. ಒಬ್ಬರಿಗೊಬ್ಬರು ಹೇಳಿದ ಐ ಲವ್ ಯೂ ಅನ್ನು ಕೆತ್ತಿಸಿಕೊಂಡು ಹೋಗುತ್ತಾರಂತೆ.

“ಅವರ ಹತ್ರ ಪ್ಲೇಯರ್ ಇರುತ್ತಾ?” ಎಂದೆ.

“ಇರಲ್ಲ ಮಾ. ಗೋಡೆಗೆ ಹಾಕ್ತಾರೆ.”

ನಕ್ಕೆ. (ನಮ್ಮ ಮನೆಯ ಯಾವ ಗೋಡೆಗೆ ಎಂದು ನಾನೂ ಆಗಲೇ ಲೆಕ್ಕ ಹಾಕಿದ್ದೆ ಎನ್ನುವುದನ್ನು ಅವರಿಗೆ ಹೇಳಲಿಲ್ಲ.)

ಕೆಲಸ ನೋಡಲು ಚೆಂದ. ತಿರುಗುವ ಮೇಜಿನ ಮೇಲೆ ಖಾಲಿ ಪ್ಲಾಸ್ಟಿಕ್ ತಟ್ಟೆ. ಮೇಲೊಂದು ಕಬ್ಬಿಣದ ತೋಳು, ಅದರ ತುದಿಯಲ್ಲಿ ಎಳ್ಳಿಗಿಂತ ಸಣ್ಣ ವಜ್ರದ ಮೊನೆ. ಮೈಕಿಗೆ ಬಿದ್ದ ದನಿ ಕರೆಂಟಾಗಿ ಹರಿದು ಆ ಮೊನೆಯನ್ನು ನಡುಗಿಸುತ್ತದೆ. ಮೊನೆ ನಡುಗಿದ ಹಾಗೆಲ್ಲ ತಟ್ಟೆಯ ಮೇಲಿನ ಗೆರೆ ಡೊಂಕಾಗುತ್ತಾ ಹೋಗುತ್ತದೆ. ಆ ಡೊಂಕೇ ಹಾಡು. ಒಂದು ಉದ್ದನೆಯ ಸ್ಕ್ರೂ ತೋಳನ್ನು ಅಂಚಿನಿಂದ ನಡುವಿಗೆ ಕೂದಲೆಳೆಯಷ್ಟೇ ಸರಿಸುತ್ತಿರುತ್ತದೆ. ಕೆತ್ತಿದ ಪ್ಲಾಸ್ಟಿಕ್ ಸುರುಳಿ ಸುರುಳಿಯಾಗಿ ಏಳುತ್ತದೆ, ಪಕ್ಕದ ಪೈಪು ಅದನ್ನು ಹೀರಿಕೊಳ್ಳುತ್ತದೆ.

ಅಳಿಸುವ ಬಟನ್ ಇಲ್ಲ. ತಪ್ಪಾದರೆ ತಟ್ಟೆ ಹೋಯಿತು.

“ಮೊದಲು ಕಂಪ್ಯೂಟರಲ್ಲಿ ರೆಕಾರ್ಡ್ ಮಾಡ್ಕೊಳ್ಳೋಣ ಮಾ. ಆಮೇಲೆ ನಿಧಾನವಾಗಿ ಕೆತ್ತೋಣ. ಎಲ್ಲರಿಗೂ ಹಾಗೇ ಮಾಡೋದು” ಎಂದರು ಸೆಲ್ವರಾಜ್.

ನಾನು ಬಿಡಬೇಕಲ್ಲ? ನೇರವಾಗಿ ತಟ್ಟೆಗೇ ಹಾಡಿದರೆ ದನಿ ಪರಿಶುದ್ಧ ಎಂದು ಎಲ್ಲೋ ಓದಿದ್ದೆ. “ಬೇಡ, ಡೈರೆಕ್ಟ್ ಆಗಿಯೇ ಇರಲಿ” ಎಂದೆ, ಹುಟ್ಟಿದಾಗಿನಿಂದ ಅದೇ ಕಸುಬು ಮಾಡಿದವಳಂತೆ.

“ಹಾಡು ಎಷ್ಟು ನಿಮಿಷ?”

“ನಲವತ್ತಾದರೂ ಆಗುತ್ತೆ.”

ಸೆಲ್ವರಾಜ್ ಕನ್ನಡಕ ತೆಗೆದರು. “ಇರೋದರಲ್ಲಿ ದೊಡ್ಡ ತಟ್ಟೆ ಇದು. ಒಂದು ಕಡೆಗೆ ಹತ್ತು ನಿಮಿಷ. ತಿರುಗಿಸಿ ಹಾಕಿದರೆ ಇನ್ನೊಂದು ಹತ್ತು.”

ದೊಡ್ಡಮ್ಮನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. “ಮದ್ವೇಲಿ ವಿಡಿಯೋದೋನು ಸಾಕು ಅಂತಾನೆ, ಅಯ್ನೋರು ಮೂರ್ತ ಮೀರ್ತು ಅಂತಾರೆ. ಈಗ ತಟ್ಟೇನೂ ಸಾಕು ಅಂತೈತಾ? ಅನ್ಲಿ ಬುಡು.”

ಕಿಟಕಿ ಮುಚ್ಚಿದರು. ಫ್ಯಾನ್ ಆರಿಸಿದರು. ಫ್ರಿಜ್ಜಿನ ಪ್ಲಗ್ ಕಿತ್ತರು. ಕುಕ್ಕರ್ ಇಡಬೇಡಿ ಎಂದು ಪಕ್ಕದ ಮನೆಗೆ ಹೇಳಿಬಂದರು. ಕೈ ಎತ್ತಿ ಸನ್ನೆ ಮಾಡಿದರು. ಮೊನೆ ಇಳಿಯಿತು. ದೊಡ್ಡಮ್ಮ ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದಳು.

ನನ್ನ ಮೈ ಜುಂ ಎಂದಿತು. ಬಾಯಿ ಸುಮ್ಮನಿರಬೇಕಿತ್ತು. “ಸೂಪರ್ ದೊಡ್ಡಮ್ಮಾ!” ಎಂದುಬಿಟ್ಟೆ.

ಸೆಲ್ವರಾಜ್ ಬೈಯಲಿಲ್ಲ. ಮೊನೆ ಎತ್ತಿ, ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನನ್ನನ್ನು ಕರೆದರು. ನೀಟಾಗಿ ಹೋಗುತ್ತಿದ್ದ ಸಣ್ಣ ಅಲೆಗಳ ನಡುವೆ ಒಂದು ಕಡೆ ಗೆರೆ ಕುಡಿದವನಂತೆ ತೂರಾಡಿ ಪಕ್ಕದ ಗೆರೆಗೆ ಡಿಕ್ಕಿ ಹೊಡೆದಿತ್ತು. “ನಿಮ್ಮ ಸೂಪರ್ ಮಾ ಇದು.”

ಆ ಅಳತೆಯ ತಟ್ಟೆ ಅವರಲ್ಲಿ ಇದ್ದದ್ದು ಅದೊಂದೇ. ಹೊಸದು ಬರಲು ಎರಡು ವಾರ. ಆಪರೇಷನ್ ಇದ್ದದ್ದು ನಾಡಿದ್ದು. ಅಂದರೆ ಇನ್ನು ಉಳಿದದ್ದು ಒಂದೇ ಮಗ್ಗುಲು, ಹತ್ತೇ ನಿಮಿಷ. ದೊಡ್ಡಮ್ಮನ ದನಿ ಉಳಿಸಲು ಹೋದವಳು ಮೊದಲ ಕೆಲಸವಾಗಿ ಅದರಲ್ಲಿ ಅರ್ಧ ತಿಂದುಹಾಕಿದ್ದೆ.

“ಓಗ್ಲಿ ಬುಡೇ, ಈ ಕಡೆ ಖಾಲಿ ಐತಲ್ಲ” ಎಂದಳು ಅವಳೇ.

ಸೆಲ್ವರಾಜ್ ಹೊಸ ಕಾನೂನು ತಂದರು. ಎಲ್ಲರ ಫೋನೂ ಆಫ್. ನನ್ನದಂತೂ ಅವರ ಹೆಂಡತಿಯ ಅಕ್ಕಿ ಡಬ್ಬದೊಳಗೆ ಹೋಯಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತೆ.

ಎರಡನೇ ಸಲ ದೊಡ್ಡಮ್ಮ ಇನ್ನೂ ಚೆನ್ನಾಗಿ ಹಾಡಿದಳು. ಹಾಡಿನಲ್ಲೇ ದೇವರಿಗೆ ಕೈಮುಗಿದು, ಹಸೆಗೆ ಹೆಣ್ಣನ್ನು ಕರೆದು, ಗಂಡಿನ ಕಡೆಯವರನ್ನು ಗೇಲಿ ಮಾಡಲು ಶುರು ಮಾಡಿದ್ದಳು. ತೋಳು ನಡುವಿಗೆ ಬಂತು. ಸೆಲ್ವರಾಜ್ ಸಾಕು ಎಂಬಂತೆ ಕೈ ತೋರಿಸಿದರು. ಕಣ್ಣು ಮುಚ್ಚಿದವಳಿಗೆ ಕೈ ಎಲ್ಲಿ ಕಾಣಬೇಕು? ಮೊನೆ ಮೇಲೆದ್ದಿತು. ಮೇಜು ನಿಂತಿತು. ದೊಡ್ಡಮ್ಮ ನಿಲ್ಲಲಿಲ್ಲ.

ನಿಲ್ಲಿಸಲು ನಾನು ಏಳಹೊರಟೆ. ಸೆಲ್ವರಾಜ್ ಕಣ್ಣಲ್ಲೇ ತಡೆದರು. ಅವರ ಹೆಂಡತಿ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ಕೂತರು. ಮೆಷಿನ್ ಸತ್ತ ಆ ಕೋಣೆಯಲ್ಲಿ, ಫ್ಯಾನಿಲ್ಲದ ಸೆಕೆಯಲ್ಲಿ ನಾವು ಮೂವರು ಇನ್ನೊಂದು ಅರ್ಧ ಗಂಟೆ ಕೇಳಿದೆವು. ಕೊನೆಯ ಸಾಲು ಹೀಗಿತ್ತು:

“ಚಪ್ರದಾಗೆ ಆಡಿದೋಳು ಉಂಡ್ಳೇನು ಕೇಳ್ರಮ್ಮ, ಎಲೆಯೊಂದು ಉಳ್ದಿದ್ರೆ ಆಕ್ರಮ್ಮ.”

ನಾನು ಈ ಸಾಲನ್ನು ಯಾವತ್ತೂ ಕೇಳಿರಲಿಲ್ಲ. “ಇದನ್ನ ಯಾವಾಗ ಸೇರಿಸಿದೆ ದೊಡ್ಡಮ್ಮಾ?”

“ಸೇರ್ಸೋದೇನು? ನಮ್ಮವ್ವನ ಕಾಲ್ದಿಂದ್ಲೂ ಐತೆ” ಎಂದು ನೀರು ಕುಡಿದಳು. “ಅಷ್ಟೊತ್ಗೆ ನೀವೆಲ್ಲ ಪಂಕ್ತೀಲಿ ಕುಂತಿರ್ತಿದ್ರಿ.”

ಸೆಲ್ವರಾಜ್ ಹೆಂಡತಿ ಎದ್ದು ಹೋಗಿ ತಟ್ಟೆ ಹಾಕಿದರು. ಊಟದ ತಟ್ಟೆ.

ಕಂಪ್ಯೂಟರಿನಲ್ಲೋ ಫೋನಿನಲ್ಲೋ ಉಳಿದದ್ದನ್ನು ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡೆ, ಬಂಗಾರಪೇಟೆಗೆ ವಾಪಸಾಗುವಾಗ, ಬಸ್ಸಿನಲ್ಲಿ. ಕಂಪ್ಯೂಟರ್ ಬೇಡ ಎಂದವಳು ನಾನೇ, ಫೋನು ಅಕ್ಕಿಯಲ್ಲಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ಕೆಟ್ಟದ್ದಲ್ಲ ಎಂದರು, ನಾವೆಲ್ಲ ಉಸಿರು ಬಿಟ್ಟೆವು. ಒಂದು ತಿಂಗಳು ಪಿಸುಮಾತೂ ಆಡಕೂಡದು ಎಂದು ಆರ್ಡರ್ ಆಗಿದೆ. ಹಾಡುವ ದನಿ ಬರುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಕಳೆದ ಭಾನುವಾರ ಸೆಲ್ವರಾಜ್ ತಮ್ಮ ಪ್ಲೇಯರನ್ನೇ ಕೊಟ್ಟು ಕಳಿಸಿದರು. ಬೂದಿಕೋಟೆಯ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ತಟ್ಟೆ ತಿರುಗಿತು. ದೊಡ್ಡಮ್ಮ ಗೋಡೆಗೊರಗಿ, ಬೇರೆ ಯಾರನ್ನೋ ಕೇಳುವವಳಂತೆ ತನ್ನನ್ನೇ ಕೇಳಿದಳು. ಎಲ್ಲರ ಕಣ್ಣೂ ಒದ್ದೆ. ಹತ್ತು ನಿಮಿಷಕ್ಕೆ ಹಾಡು ತುಂಡಾಯಿತು. ಮುಳ್ಳು ಟಿಕ್ ಟಿಕ್ ಎನ್ನತೊಡಗಿತು. ದೊಡ್ಡಮ್ಮನ ತುಟಿ ಮಾತ್ರ ದನಿಯಿಲ್ಲದೆ ಮುಂದುವರಿದಿತ್ತು. ಒಂದೊಂದೇ ಸಾಲು, ಅವಸರವಿಲ್ಲದೆ.

ಅಷ್ಟರಲ್ಲಿ ಒಳಗಿನಿಂದ ತಮ್ಮನ ಹೆಂಡತಿ ಕೂಗಿದಳು. “ಎಲೆ ಹಾಕಿದ್ದೀನಿ, ಎಲ್ಲಾ ಬನ್ನಿ.”

ಎಲ್ಲರೂ ಎದ್ದೆವು. ನಾನೂ ಎದ್ದೆ.

ದೊಡ್ಡಮ್ಮನ ತುಟಿ ಆಗ ಯಾವ ಸಾಲಿನಲ್ಲಿತ್ತು ಎಂದು ನೋಡಲು ಅಲ್ಲಿ ಯಾರು ಕೂತಿದ್ದರು?