ಎರಡು ಪಾಯಿಂಟ್ ಒಂಬತ್ತರ ವರ್ಷ

ವಿದ್ಯಾರ್ಥಿಗಳು ಅವಳನ್ನು ಕರೆಯುತ್ತಿದ್ದುದು ಅಂಕಿ ಮೇಡಂ ಎಂದು. ಹನ್ನೊಂದು ವರ್ಷದಿಂದ ಅದೇ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ವರ್ಷಕ್ಕೊಮ್ಮೆ ಕೆಲಸ ಹೋಗಿ ವರ್ಷಕ್ಕೊಮ್ಮೆ ಮತ್ತೆ ಸಿಗುವ ತಾತ್ಕಾಲಿಕ ಉಪನ್ಯಾಸಕಿ. ಈಗ ಅಲ್ಲೇ ಒಂದು ಕಾಯಂ ಹುದ್ದೆಗೆ ಅರ್ಜಿ ಕರೆದಿದ್ದರು. ವಯಸ್ಸಿನ ಮಿತಿ ದಾಟಲು ಅವಳಿಗೆ ನಾಲ್ಕೇ ತಿಂಗಳು ಬಾಕಿ. ಇದು ತಪ್ಪಿದರೆ ಇನ್ನೊಂದಿಲ್ಲ. ಅರ್ಜಿಯ ಜೊತೆ, ವಿದ್ಯಾರ್ಥಿಗಳು ಅವಳ ಪಾಠದ ಬಗ್ಗೆ ಬರೆದುಕೊಟ್ಟ ಅಭಿಪ್ರಾಯಗಳನ್ನೂ, ಐದಕ್ಕೆ ಇಷ್ಟು ಎಂದು ಕೊಟ್ಟ ಅಂಕಗಳನ್ನೂ, ಅವುಗಳ ಎರಡು ಪುಟದ ಸಾರಾಂಶವನ್ನೂ ಲಗತ್ತಿಸಬೇಕಿತ್ತು.

ಆ ಹಾಳೆಗಳೆಲ್ಲ ಸ್ವೆಟರುಗಳ ಪೆಟ್ಟಿಗೆಯ ತಳದಲ್ಲಿದ್ದವು. ಭಾನುವಾರ ಕುಕ್ಕರ್ ಒಲೆಗಿಟ್ಟು, ಒಗೆದ ಬಟ್ಟೆ ಮಡಚಿ, ಊಟದ ಮೇಜಿನ ಅರ್ಧಭಾಗ ಒರೆಸಿಕೊಂಡು ಬರೆಯಲು ಕೂತಳು.

"ಏನಾದ್ರೂ ಸಹಾಯ ಬೇಕಿದ್ರೆ ಹೇಳು," ಎಂದು ಗಂಡ ಧಾರಾಳವಾಗಿ ಹೇಳಿ, ಹಿಂದೆಯೇ ತನ್ನ ಕನ್ನಡಕ ಎಲ್ಲಿ ಎಂದು ಕೇಳಿದ. ಅದು ಅವನ ಹಣೆಯ ಮೇಲಿತ್ತು.

ಮಧ್ಯಾಹ್ನದ ಹೊತ್ತಿಗೆ ಎರಡು ಪುಟ ಮುಗಿಯಿತು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಅತ್ತೆ ಅದನ್ನು ಹತ್ತಿರ ಹಿಡಿದು ಓದಿದರು. ಮೊದಲ ಸಾಲೇ ಹೀಗಿತ್ತು: ನಾಲ್ಕನೆಯ ವರ್ಷ ನನಗೆ ಐದಕ್ಕೆ ಎರಡು ಪಾಯಿಂಟ್ ಒಂಬತ್ತು ಮಾತ್ರ ಬಂದಿದೆ, ಕ್ಷಮಿಸಬೇಕು.

"ಏನೇ ಇದು?"

"ಹೇಗಿದ್ರೂ ನೋಡೇ ನೋಡ್ತಾರಲ್ಲ ಅತ್ತೆ. ನಾವೇ ಮೊದಲು ಹೇಳಿಬಿಟ್ರೆ ವಾಸಿ."

"ಬಡಿಸೋಕೆ ಮುಂಚೆನೇ ಇವತ್ತು ಅಡುಗೆ ಸರಿಯಾಗಿಲ್ಲ ಅಂತೀಯಲ್ಲ, ಹಾಗೆ. ನಾನು ಯಾವತ್ತಾದ್ರೂ ಗಿರಾಕಿಗೆ ಬಟ್ಟೆ ಕೊಡೋವಾಗ ಒಳಗಿನ ಹೊಲಿಗೆ ತಿರುಗಿಸಿ ತೋರಿಸಿದ್ದೀನಾ? ಕೇಳಿದ್ರೆ ಸುಳ್ಳು ಹೇಳಲ್ಲ, ಅಷ್ಟೇ."

ಅವಳಿಗೆ ನಗು ಬಂತು. ಹಾಳೆಗಳನ್ನು ಮತ್ತೆ ಹರಡಿ ಬೇರೆ ಬೇರೆ ಗುಡ್ಡೆ ಮಾಡತೊಡಗಿದಳು. ಒಂದು ಗುಡ್ಡೆ ಮಾತ್ರ ಬೆಳೆಯುತ್ತಲೇ ಹೋಯಿತು: ಮೇಡಂ ಅಮ್ಮನ ಥರ, ಮೇಡಂ ಬೈಯೋದೇ ಇಲ್ಲ, ಮೇಡಂ ನಗು ಚೆನ್ನಾಗಿದೆ.

"ಇವನ್ನೇ ಮೊದಲು ಹಾಕು. ಓದಿದ್ರೆ ಕಣ್ಣಲ್ಲಿ ನೀರು ಬರುತ್ತೆ," ಎಂದ ಗಂಡ.

"ಫಿಸಿಕ್ಸ್ ಕಲಿಸೋ ನಿಮ್ಮ ಗೆಳೆಯನಿಗೆ ಯಾರಾದ್ರೂ ಅಪ್ಪನ ಥರ ಅಂತ ಬರೆದಿದ್ದಾರಾ?"

ಅವನು ಯೋಚಿಸಿದ. "ಅವನು ಪಾಠ ಚೆನ್ನಾಗಿ ಮಾಡ್ತಾನೆ ಕಣೇ."

"ನಾನೂ ಅದನ್ನೇ ಮಾಡೋದು."

ಗಂಡ ಎದ್ದು ಹೋಗಿ, ಯಾರೂ ಹೇಳದೆಯೇ, ಕುಕ್ಕರ್ ತೊಳೆದಿಟ್ಟ.

ಹೊಸ ಸಾರಾಂಶದಲ್ಲಿ ಹನ್ನೊಂದು ವರ್ಷದ ಅಂಕಗಳ ಪಟ್ಟಿಯಿತ್ತು. ಪ್ರತಿ ವರ್ಷ ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಅಭಿಪ್ರಾಯ ಬರೆದರು ಎಂಬುದೂ ಇತ್ತು. ನಾಲ್ಕನೆಯ ವರ್ಷ ತನ್ನ ಜಾಗದಲ್ಲೇ ಇತ್ತು, ಕ್ಷಮೆಯಿಲ್ಲದೆ. ಪಾಠದ ಬಗ್ಗೆ ಏನಾದರೂ ಹೇಳಿದ ಮಾತುಗಳನ್ನಷ್ಟೇ ಆರಿಸಿದ್ದಳು, ಹೊಗಳಿಕೆಯಾಗಲಿ ಬೈಗುಳವಾಗಲಿ. ಆರಿಸಿದ ಬಗೆಯನ್ನೂ ಕೆಳಗೆ ಬರೆದಳು.

ಸಂದರ್ಶನದಲ್ಲಿ ಮೂವರಿದ್ದರು. ಅಧ್ಯಕ್ಷರ ಬೆರಳು ಪಟ್ಟಿಯ ಮೇಲೆ ಇಳಿದು, ಅವಳು ನಿರೀಕ್ಷಿಸಿದ ಕಡೆಯೇ ನಿಂತಿತು.

"ಈ ವರ್ಷ ಮನೆ ಕಡೆ ಏನಾದ್ರೂ ತೊಂದರೆ ಇತ್ತೇನಮ್ಮಾ?"

ಇತ್ತು. ಆ ವರ್ಷ ಅತ್ತೆಯ ಕಾಲು ಮುರಿದಿತ್ತು. ಹೌದು ಎಂದಿದ್ದರೆ ಮೂವರೂ ತಲೆದೂಗಿ ಪುಟ ತಿರುಗಿಸುತ್ತಿದ್ದರು.

"ಮನೆ ತೊಂದರೆ ಎಲ್ಲಾ ವರ್ಷನೂ ಇರುತ್ತೆ ಸಾರ್. ಆ ವರ್ಷ ಬದಲಾಗಿದ್ದು ಪಾಠ. ನೋಟ್ಸ್ ಹೇಳಿ ಬರೆಸೋದು ಬಿಟ್ಟು, ತರಗತಿಯಲ್ಲೇ ಲೆಕ್ಕ ಮಾಡಿಸೋಕೆ ಶುರು ಮಾಡಿದೆ. ಹುಡುಗರಿಗೆ ಸಿಟ್ಟು ಬಂತು. ಮುಂದಿನ ವರ್ಷವೂ ಬಿಡಲಿಲ್ಲ. ಆಗ ನಾಲ್ಕು ಪಾಯಿಂಟ್ ಒಂದು ಬಂತು."

ಮೂವರಲ್ಲಿ ಒಬ್ಬರೇ ಹೆಂಗಸು, ಗಣಿತದ ಪ್ರಾಧ್ಯಾಪಕಿ. ಅವರು ಸೀಮೆಸುಣ್ಣ ಮುಂದೆ ಚಾಚಿದರು. "ಹೇಗೆ ಮಾಡಿಸ್ತೀರಿ, ತೋರಿಸಿ."

ಅವಳು ಹಲಗೆಯ ಮೇಲೆ ಬರೆದಳು: ಐದು ಜನರ ಮನೆ. ದಿನಕ್ಕೆ ತಲಾ ಸರಾಸರಿ ಎರಡು ಗಂಟೆ ಮನೆಗೆಲಸ. ಒಬ್ಬಳೇ ಎಂಟು ಗಂಟೆ ಮಾಡುತ್ತಾಳೆ. ಉಳಿದ ನಾಲ್ವರ ಸರಾಸರಿ ಎಷ್ಟು?

ಬರೆದು ಸುಮ್ಮನೆ ನಿಂತಳು. ತರಗತಿಯಲ್ಲೂ ಹಾಗೇ ನಿಲ್ಲುತ್ತಿದ್ದಳು, ಯಾರಾದರೂ ಪೆನ್ನು ತೆಗೆಯುವವರೆಗೆ. ಅಧ್ಯಕ್ಷರು ಅವಳತ್ತ ನೋಡಿದರು. ಅವಳು ಉತ್ತರ ಹೇಳಲಿಲ್ಲ. ಕೊನೆಗೆ ಅವರೇ ಜೇಬು ತಡಕಿ ಪೆನ್ನು ತೆಗೆದು, ಅವಳ ಅರ್ಜಿಯ ಅಂಚಿನಲ್ಲಿ ಗುಣಿಸಿ, ಕಳೆದು, ಭಾಗಿಸಿದರು.

"ಅರ್ಧ ಗಂಟೆ," ಎಂದರು. ಹಲಗೆಯ ಮೇಲಿನ ಸರಾಸರಿಯತ್ತ ಪೆನ್ನು ತೋರಿಸಿ, "ಎರಡು ಅಂದಾಗ ಪರವಾಗಿಲ್ಲ ಅನ್ನಿಸಿತ್ತು," ಎಂದರು.

"ಅದನ್ನೇ ಸಾರ್, ಮೊದಲನೇ ವಾರ ನಾನು ಕಲಿಸೋದು."

ಹದಿನೆಂಟನೆಯ ದಿನ ನೇಮಕದ ಆದೇಶ ಬಂತು.