ತಿರುಗುಮುರುಗಾದ ರಂಗೋಲಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಮಂಡಿಪೇಟೆಯ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಲಗ್ನಪತ್ರಿಕೆ ಜೋಡಿಸುತ್ತಿದ್ದೆ. ಮನೆ ಹರಿಹರದಲ್ಲಿ, ದಿನಾ ಬಸ್ಸಿನ ಓಡಾಟ. ಊರವರ ಮದುವೆಗಳನ್ನೆಲ್ಲ ನಗುನಗುತ್ತ ಅಚ್ಚು ಹಾಕಿಸಿದವನಿಗೆ ನಮ್ಮ ಅಕ್ಕನ ಮದುವೆ ಬಂದಾಗ ಬೆವರಿಳಿಯಿತು.

ಅಕ್ಕ ಹರಿಹರದಲ್ಲೇ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಪಾಠ ಕಲಿತದ್ದಕ್ಕಿಂತ ಪೇಂಟ್‌ನಲ್ಲಿ ರಂಗೋಲಿ ಹಾಕಿದ್ದೇ ಹೆಚ್ಚು. ಚುಕ್ಕಿ ಇಟ್ಟು, ಮೌಸ್ ಹಿಡಿದು ಎಳೆ ಸುತ್ತಿಸಿದ ಒಂದು ರಂಗೋಲಿಯನ್ನು ಫ್ಲಾಪಿಯಲ್ಲಿ ತಂದು ನನ್ನ ಕೈಗಿಟ್ಟಳು.

"ನನ್ನ ಕಾರ್ಡಿಗೆ ಇದೇ ಬೇಕು ನೋಡು. ಎಲ್ಲರ ಕಾರ್ಡಿನಾಗೂ ಇರೋ ಆ ಗಣಪ್ಪ ಬ್ಯಾಡ."

ಅಪ್ಪನಿಗೆ ಇದು ಹಿಡಿಸಲಿಲ್ಲ. "ಲಗ್ನಪತ್ರಿಕೆ ಲಗ್ನಪತ್ರಿಕೆ ಇದ್ದಂಗೆ ಇರ್ಬೇಕು" ಎಂದು ಗೊಣಗಿದರು. ಕೊನೆಗೆ ಒಂದು ಷರತ್ತು ಹಾಕಿದರು: ಸೋಮವಾರದೊಳಗೆ ಚೆನ್ನಾಗಿ ಬಂದರೆ ಸರಿ, ಇಲ್ಲದಿದ್ದರೆ ಗಣಪ್ಪನೇ ಗತಿ.

ಅಕ್ಕನ ಫೈಲು ಬಿಎಂಪಿ ಎಂಬ ನಮೂನೆಯದು. ನಮ್ಮ ಪ್ರೆಸ್ಸಿನ ಕಂಪ್ಯೂಟರಿಗೆ ಅದು ಒಗ್ಗದು, ಬೇರೆ ನಮೂನೆಗೆ ಬದಲಾಯಿಸಬೇಕು. ಅದೇನು ಮಹಾ ಎಂದು ಜೆಪಿಜಿ ಮಾಡಿ, ಹಾಳೆಯ ಮೇಲೆ ಪ್ರಿಂಟು ತೆಗೆದು ಮನೆಗೊಯ್ದೆ. ಜೆಪಿಜಿಗೆ ಸಣ್ಣ ಗೆರೆ ಕಂಡರಾಗದು, ಸುತ್ತೆಲ್ಲ ಬೂದು ಕಲೆ ಎಬ್ಬಿಸಿಬಿಡುತ್ತದೆ. ಅಕ್ಕ ನೋಡಿದ್ದೇ ತಡ, "ಇದೇನೋ, ಕೋಳಿ ಕೆದರಿದಂಗೈತೆ!" ಎಂದಳು. ಅಪ್ಪ ಮೀಸೆಯಲ್ಲೇ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

ಸೋಮವಾರ ಅಕ್ಕನ ಮೂಲ ಫೈಲನ್ನೇ ಮತ್ತೆ ತೆಗೆದು, ಟಿಫ್ ಎಂಬ ಇನ್ನೊಂದು ನಮೂನೆಗೆ ಬದಲಾಯಿಸಿದೆ. ತೆರೆಯ ಮೇಲೆ ಗೆರೆಗಳು ಚೊಕ್ಕವಾಗಿ ಕಂಡವು. ಮದುವೆಗೆ ಕಪ್ಪು ಕೂಡದೆಂದು ಅಪ್ಪ ಮೊದಲೇ ಹೇಳಿದ್ದರಿಂದ ಪ್ರೆಸ್ಸಿನ ಯಜಮಾನರು ಬಿಳಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಪ್ರೂಫ್ ತೆಗೆದರು. ನೋಡಿದರೆ ಎಲ್ಲ ತಿರುಗುಮುರುಗು! ತೆರೆಯ ಮೇಲೆ ಗೊತ್ತಾಗದಿದ್ದರೂ, ಬದಲಾಯಿಸುವಾಗ ಫೈಲಿನೊಳಗೆ ಕಪ್ಪು-ಬಿಳುಪು ಎಲ್ಲೋ ಅದಲುಬದಲಾಗಿತ್ತು. ಗೆರೆ ಬರಬೇಕಾದಲ್ಲಿ ಬರೀ ಬಿಳಿ ಕಾಗದ, ಖಾಲಿ ಇರಬೇಕಾದಲ್ಲೆಲ್ಲ ಕೆಂಪು.

ಅಷ್ಟರಲ್ಲಿ ಪ್ರೂಫ್ ನೋಡಲೆಂದು ಹರಿಹರದಿಂದ ಅಪ್ಪ, ಅಕ್ಕ ಇಬ್ಬರೂ ಪ್ರೆಸ್ಸಿನ ಬಾಗಿಲಿಗೆ ಬಂದರು. ನಾನು ಪ್ರೂಫನ್ನು ಬೆನ್ನ ಹಿಂದೆ ಮರೆಮಾಡಿದೆ.

"ಯಾಕ ಮುಚ್ಚಿಡ್ತಿ? ತೋರ್ಸೋ" ಎಂದು ಅಕ್ಕ ಕಿತ್ತುಕೊಂಡಳು. ಹುಬ್ಬು ಗಂಟಿಕ್ಕಿ ಅದನ್ನೇ ದಿಟ್ಟಿಸಿದಳು. ಮುಗಿಯಿತು, ಗಣಪ್ಪ ಬಂದ ಎಂದುಕೊಂಡೆ. ಅವಳ ಒಂದೇ ಒಂದು ಆಸೆಗೆ ನಾನೇ ಕಲ್ಲು ಹಾಕಿದೆನಲ್ಲ!

"ಅಪ್ಪಾಜಿ, ನೋಡ್ರಿ ಇಲ್ಲಿ, ನಮ್ಮನಿ ಕಟ್ಟಿ!" ಎಂದಳು ಅಕ್ಕ.

ನಮ್ಮ ಮನೆ ಮುಂದಿನ ಕಟ್ಟೆಗೆ ಅವ್ವ ಕೆಮ್ಮಣ್ಣು ಸಾರಿಸುತ್ತಿದ್ದಳು. ಆ ಕೆಂಪಿನ ಮೇಲೆ ದಿನಾ ಬೆಳಗ್ಗೆ ಬಿಳಿ ಎಳೆ ಬಿಡುತ್ತಿದ್ದವಳು ಅಕ್ಕ. ಕಾರ್ಡಿನಲ್ಲಿ ಇದ್ದದ್ದು ಅದೇ.

"ಇಷ್ಟು ದಿನ ಬರೀ ಗೆರಿ ಆಗಿತ್ತು, ಈಗ ರಂಗೋಲಿ ಆತು. ಹೆಂಗೆ ಮಾಡ್ದ್ಯೋ?"

"ಕಲ್ತಿದ್ದು ಎಲ್ಲಿ ಹೋಗ್ತತೆ" ಎಂದೆ ಧಿಮಾಕಿನಿಂದ. ಯಜಮಾನರಿಗೆ ಆಗಲೇ ಕೆಮ್ಮು ಬರಬೇಕೆ!

ಅಪ್ಪ ಪ್ರೂಫನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಇದನ್ನೇ ಹಾಕ್ರಿ" ಎಂದು ಯಜಮಾನರಿಗೆ ಕೊಟ್ಟರು.

ಕಾರ್ಡು ಹಂಚಲು ಕುಕ್ಕುವಾಡದ ನೆಂಟರ ಮನೆಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಗಣಪ್ಪನೇ ಬೇಕೆಂದಿದ್ದ ಮನುಷ್ಯ ಎರಡೂ ಕೈಯಿಂದ ಕಾರ್ಡು ಚಾಚಿ ಹೇಳಿದ್ದು ಇಷ್ಟು:

"ನಮ್ಮ ಹುಡುಗಿ ಹಾಕಿದ ರಂಗೋಲಿ ಐತ್ರಿ. ತುಳೀದಂಗೆ ದಾಟಿ, ಮದುವಿಗೆ ಬರ್ರಿ."